ಗಂಟೆ ಕರೆಯುವುದು ಯಾರನ್ನು?

ಬೀಗಕ್ಕೂ ಗಂಟೆಗೂ ಒಂದು ಮುಖ್ಯವಾದ ಭೇದ ಉಂಟು. ಬೀಗವೆಂಬುದು ಒಡೆಯನಿಗೂ ಕಳ್ಳನಿಗೂ ನಡುವಿನ ವ್ಯವಹಾರ. ಅದು ಗಟ್ಟಿಯಾಗಿದ್ದರೆ ಕಳ್ಳ ಸೋಲುತ್ತಾನೆ, ಸಡಿಲವಾಗಿದ್ದರೆ ಒಡೆಯ ಸೋಲುತ್ತಾನೆ. ಮೂರನೆಯವನಿಗೆ ಅದರಲ್ಲಿ ಪಾತ್ರವಿಲ್ಲ. ಗಂಟೆ ಹಾಗಲ್ಲ. ಅದು ತಾನಾಗಿ ಯಾರ ಕೈಯನ್ನೂ ಹಿಡಿಯಲಾರದು. ಕೂಗುವುದಷ್ಟೇ ಅದರ ಕೆಲಸ. ಕೂಗು ಎಂದಮೇಲೆ ಕೇಳುವವರೊಬ್ಬರು ಬೇಕು, ಕೇಳಿ ಏಳುವವರೊಬ್ಬರು ಬೇಕು. ಆದುದರಿಂದ ಮೋಟಾರು ಶೆಡ್ಡಿಗೆ ಬೀಗ ಕೊಳ್ಳುವವನು ತನ್ನ ಹಣದಿಂದ ತನ್ನ ವಸ್ತುವನ್ನು ಕಾಯುತ್ತಾನೆ. ಅಲಾರಂ ಕೊಳ್ಳುವವನು ತನ್ನ ಹಣದಿಂದ ಇತರರ ನಿದ್ದೆಯ ಮೇಲೆ ಒಂದು ಹಕ್ಕನ್ನು ಪಡೆದುಕೊಳ್ಳುತ್ತಾನೆ. ಈ ಹಕ್ಕು ಅವನಿಗೆ ಎಲ್ಲಿಂದ ಬಂತು? ಅದಕ್ಕೆ ಪ್ರತಿಯಾಗಿ ಅವನು ಏನನ್ನು ಕೊಡಬೇಕು?

ಅಲಾರಂ ಮಾರುವವರು ಈ ಪ್ರಶ್ನೆಯನ್ನು ಕೇಳುವುದಿಲ್ಲ. ಕೇಳಬೇಕಾದ ಕಾರಣವೂ ಅವರಿಗಿಲ್ಲ. ಕೇಳಬೇಕಾದವರು ಕೊಳ್ಳುವ ನಾವು. ಬೆಂಗಳೂರಿನಂಥ ಊರಿನಲ್ಲಿ ಮನೆಯ ಪಕ್ಕದ ಶೆಡ್ಡು ಹೋಗಿ, ನೂರು ಮನೆಯವರ ಕಾರು ಸ್ಕೂಟರುಗಳು ಒಂದೇ ನೆಲಮಾಳಿಗೆಯಲ್ಲಿ ನಿಲ್ಲುವ ಕಾಲ ಬಂದಿದೆ. ಹೀಗಿರುವಾಗ ಆ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ.

ಕೂಗಿ ಕರೆಯುವುದು ನಮಗೆ ಹೊಸದೇನೂ ಅಲ್ಲ. ಕನ್ನಡನಾಡಿನ ಊರೂರಿನಲ್ಲಿ ನಿಂತಿರುವ ವೀರಗಲ್ಲುಗಳಲ್ಲಿ ಎಷ್ಟೋ ಕಲ್ಲುಗಳು ತುರುಗೋಳಿನಲ್ಲಿ ಸತ್ತವರವು. ತುರುಗೋಳು ಎಂದರೆ ದನಗಳನ್ನು ಹೊಡೆದುಕೊಂಡು ಹೋಗುವುದು. ಅಂದಿನ ಸಂಸಾರಕ್ಕೆ ಉಳುವುದಕ್ಕೂ ಹೊರುವುದಕ್ಕೂ ಆಧಾರವಾಗಿದ್ದ ಆಸ್ತಿ ಅದೇ. ಊರಿನಲ್ಲಿ ಹುಯ್ಯಲೆದ್ದಿತು ಎಂದರೆ, ಕೈಗೆ ಸಿಕ್ಕ ಆಯುಧ ಹಿಡಿದು ಓಡಿದವನು ತನ್ನ ಹಸು ಹೋಯಿತೋ ನೆರೆಯವನ ಹಸು ಹೋಯಿತೋ ಎಂದು ಎಣಿಸುತ್ತಾ ನಿಲ್ಲುತ್ತಿರಲಿಲ್ಲ. ಹಾಗೆ ಓಡಿ ಮಡಿದವನ ಮನೆಯವರಿಗೆ ಭೂಮಿಯನ್ನು ಬಿಡುತ್ತಿದ್ದ ಪದ್ಧತಿಯೂ ಇತ್ತು. ನೆತ್ತರುಗೊಡಗೆ ಎಂದು ಅದರ ಹೆಸರು. ಹುಯ್ಯಲಿಗೆ ಓಗೊಟ್ಟವನ ಋಣ ಕೇಳಿಸಿಕೊಂಡ ಸಮಾಜದ ಮೇಲೆ ಉಳಿಯುತ್ತದೆ ಎಂಬ ತಿಳಿವಳಿಕೆ ಅದರ ಹಿಂದಿತ್ತು.

ಇದಕ್ಕಿಂತ ಲೌಕಿಕವಾದ ಒಂದು ಮಾತು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಆ ಗ್ರಂಥವನ್ನು ಅಚ್ಚು ಮಾಡಿಸಿದ ಮೇಲೆಯೇ ಲೋಕ ಅದನ್ನು ಮತ್ತೆ ಓದಿದ್ದು. ನಗರದ ಆಡಳಿತವನ್ನು ಹೇಳುವ ಭಾಗದಲ್ಲಿ, ಎಲ್ಲಾದರೂ ಬೆಂಕಿ ಹತ್ತಿದಾಗ ಆರಿಸಲು ಓಡಿಹೋಗದ ಮನೆಯ ಯಜಮಾನನಿಗೆ 12 ಪಣ ದಂಡ, ಬಾಡಿಗೆಗೆ ಇರುವವನಿಗೆ 6 ಪಣ ದಂಡ ಎಂಬ ವಿಧಿಯಿದೆ. ಇಂದಿನ ಅಪಾರ್ಟ್‌ಮೆಂಟಿನ ಸಭೆಯಲ್ಲಿ ಕುಳಿತು ಈ ಲೆಕ್ಕವನ್ನು ಯೋಚಿಸಿದರೆ ಸೋಜಿಗವಾಗುತ್ತದೆ. ಒಡೆಯರಿಗೆ ಮಾತ್ರ ಮಾತು, ಬಾಡಿಗೆಯವರಿಗೆ ಮೌನ ಎಂಬುದು ಅಲ್ಲಿ ಅನೇಕ ಕಡೆ ನಡೆದುಬಂದ ಕ್ರಮ. ಕೌಟಿಲ್ಯ ಬಾಡಿಗೆಯವನ ಹೊಣೆಯನ್ನು ಅರ್ಧಕ್ಕೆ ಇಳಿಸಿದನೇ ಹೊರತು ಇಲ್ಲವೆನ್ನಲಿಲ್ಲ. ಇನ್ನೊಂದು ಮನೆಯ ಸಂಕಟವನ್ನು ಕೇಳಿಯೂ ಮಲಗಿರುವುದು ಬರಿಯ ಸ್ವಭಾವದೋಷವಲ್ಲ, ದಂಡಾರ್ಹವಾದ ಅಪರಾಧ ಎಂದು ಅವನು ಬಗೆದ.

ವಿದ್ಯುತ್ತಿನ ಗಂಟೆ ಬಂದದ್ದು ಬೇರೊಂದು ಲೋಕದಲ್ಲಿ. ಅಮೆರಿಕದ ಬಾಸ್ಟನ್ ನಗರದ ಬಳಿಯ ಸಾಮರ್‌ವಿಲ್ ಎಂಬಲ್ಲಿದ್ದ ಆಗಸ್ಟಸ್ ರಸೆಲ್ ಪೋಪ್ ಎಂಬ ಪಾದ್ರಿ 1853ರಲ್ಲಿ ಇದಕ್ಕೆ ಪೇಟೆಂಟು ಪಡೆದರು. ಬಾಗಿಲೋ ಕಿಟಕಿಯೋ ತೆರೆದೊಡನೆ ವಿದ್ಯುತ್ತಿನ ಮಂಡಲ ಪೂರ್ಣವಾಗಿ ಗಂಟೆ ಬಾರಿಸುವಂಥ ಸರಳವಾದ ಏರ್ಪಾಡು. 1857ರಲ್ಲಿ ಎಡ್ವಿನ್ ಹೋಮ್ಸ್ ಎಂಬ ವ್ಯಾಪಾರಿ ಅದರ ಹಕ್ಕನ್ನು ಕೊಂಡು, ಅದನ್ನು ದೊಡ್ಡ ಉದ್ಯಮವಾಗಿ ಬೆಳೆಸಿದರು. ಮುಂದೆ ಮನೆಮನೆಯ ತಂತಿಗಳು ಒಂದು ಕೇಂದ್ರ ಕಚೇರಿಗೆ ಹೋಗಿ ಸೇರುವಂತಾಯಿತು. ಇಲ್ಲಿ ಗಮನಿಸಬೇಕಾದದ್ದೇನೆಂದರೆ, ಗಂಟೆ ಮೊದಲು ಮಲಗಿದ್ದ ಯಜಮಾನನನ್ನು ಎಬ್ಬಿಸಿತು. ಬಳಿಕ ಸಂಬಳದ ಆಳನ್ನು ಕರೆಯಿತು. ಈಗ ಬೀದಿಗೆಲ್ಲ ಕೇಳುವ ಸೈರನ್ ಮಾತ್ರ ಯಾರನ್ನು ಕರೆಯುತ್ತಿದೆ ಎಂಬುದನ್ನು ತಾನೇ ಹೇಳಲಾರದು.

ಅಲಾರಂ ಆಯ್ಕೆಯ ಮೊದಲ ಪ್ರಶ್ನೆಯೇ ಇದು. ಯಂತ್ರ ಯಾವುದು ಎಂಬುದು ಆಮೇಲಿನ ಮಾತು. ಸ್ವಂತ ಮನೆಯ ಶೆಡ್ಡಾದರೆ ಉತ್ತರ ಸುಲಭ: ಎಬ್ಬಿಸಬೇಕಾದದ್ದು ಮನೆಯವರನ್ನು. ಅದಕ್ಕೆ ಬಾಗಿಲಿನ ಚೌಕಟ್ಟಿಗೆ ಒಂದು ಸಣ್ಣ ಅಯಸ್ಕಾಂತದ ಸ್ವಿಚ್ಚು, ಮಲಗುವ ಕೋಣೆಯಲ್ಲಿ ಒಂದು ಗಂಟೆ, ಕರೆಂಟು ಹೋದಾಗಲೂ ನಡೆಯುವಂತೆ ಒಂದು ಬ್ಯಾಟರಿ, ಇಷ್ಟು ಸಾಕು. ಬೀದಿಯ ಕಡೆಗೆ ಮುಖಮಾಡಿದ ದೊಡ್ಡ ಸೈರನ್ ಅನೇಕ ವೇಳೆ ಭಯಕ್ಕಿಂತ ಹೆಚ್ಚಾಗಿ ಪ್ರತಿಷ್ಠೆಗಾಗಿ ಹಾಕಿಸಿದ್ದು.

ಯಂತ್ರಗಳಿಗೆ ಅವುಗಳದೇ ಆದ ಮೂಢತನವೂ ಉಂಟು. ಅಲುಗಾಟವನ್ನು ಗುರುತಿಸುವ ಸೆನ್ಸರನ್ನು ರೋಲಿಂಗ್ ಷಟರಿಗೆ ಹಾಕಿದರೆ ಆಷಾಢದ ಗಾಳಿಯೂ ಕಳ್ಳನೇ. ದೇಹದ ಶಾಖ ಚಲಿಸಿದ್ದನ್ನು ಕಂಡು ಕೂಗುವ ಸೆನ್ಸರಿಗೆ ಬೆಕ್ಕಿಗೂ ಮನುಷ್ಯನಿಗೂ ಇರುವ ಅಂತರ ಎಲ್ಲ ವೇಳೆಯಲ್ಲೂ ತಿಳಿಯದು. ಆಗತಾನೆ ನಿಲ್ಲಿಸಿದ ಇಂಜಿನ್ನಿನ ಕಾವಿಗೂ ಅದು ಮೋಸಹೋಗಬಹುದು. ಹೊಗೆಯನ್ನು ಗುರುತಿಸುವ ಯಂತ್ರವನ್ನು ಮೋಟಾರು ನಿಲ್ಲುವ ಕಡೆ ಹಾಕಿದರೆ ಸೈಲೆನ್ಸರಿನ ಹೊಗೆಗೇ ಅದು ಬೊಬ್ಬೆಯಿಡುತ್ತದೆ. ಆದ್ದರಿಂದಲೇ ಅಂಥ ಕಡೆ ಶಾಖವನ್ನು ಅಳೆಯುವ ಯಂತ್ರವನ್ನು ಹಾಕಬೇಕೆಂದು ತಿಳಿದವರು ಹೇಳುವುದು.

ಇವೆಲ್ಲ ಮೇಸ್ತ್ರಿಯ ಮಾತುಗಳೆಂದು ಓದುಗರು ತಳ್ಳಿಹಾಕಬಾರದು. ತಪ್ಪಾಗಿ ಕೂಗುವ ಗಂಟೆಯ ನಷ್ಟ ಆ ರಾತ್ರಿಯ ನಿದ್ದೆಯಷ್ಟೇ ಅಲ್ಲ. ತೋಳ ಬಂತು ಎಂದು ಸುಳ್ಳು ಕೂಗಿದ ಕುರಿಕಾಯುವ ಹುಡುಗನ ಕತೆ ಎಲ್ಲರಿಗೂ ಗೊತ್ತು. ಆ ಕತೆಯಲ್ಲಿ ನಷ್ಟವಾದದ್ದು ಅವನ ಕುರಿಗಳಿಗೇ ಎಂದು ನಾವು ತೃಪ್ತಿಪಡುತ್ತೇವೆ. ಆದರೆ ಅದೇ ಬೆಟ್ಟದಲ್ಲಿ ಇನ್ನೊಬ್ಬ ಹುಡುಗ, ಎಂದೂ ಸುಳ್ಳು ಹೇಳದವನು, ಕುರಿ ಕಾಯುತ್ತಿದ್ದಿದ್ದರೆ ಏನಾಗುತ್ತಿತ್ತು? ಮರುದಿನ ಅವನು ಕೂಗಿದರೂ ಊರು ಏಳುತ್ತಿರಲಿಲ್ಲ. ನೆರೆಯವರ ಕಿವಿ ಊರಿನ ಕೆರೆಯ ನೀರಿದ್ದಂತೆ. ಒಬ್ಬ ಪೋಲುಮಾಡಿದರೆ ಬರುವ ಬರ ಎಲ್ಲರಿಗೂ. ವಾರಕ್ಕೆರಡು ಬಾರಿ ಬೆಕ್ಕಿಗಾಗಿ ಕೂಗುವ ಶೆಡ್ಡು ಎದುರುಮನೆಯ ಒಂಟಿ ಮುದುಕಿಯ ನಿಜವಾದ ಕೂಗನ್ನು ಮುಂಚಿತವಾಗಿಯೇ ಕದ್ದಿರುತ್ತದೆ. ಕಳ್ಳನಿಂದ ಕಾಯಲು ಹಾಕಿಸಿದ ಯಂತ್ರವೇ ಕಳ್ಳತನ ಮಾಡಿದಂತಾಯಿತು.

ಶಬ್ದಮಾಲಿನ್ಯವನ್ನು ಕುರಿತ 2000ದ ನಿಯಮಗಳು ವಾಸದ ಬಡಾವಣೆಯಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬಲ್ ಮಿತಿಯನ್ನು ಇಟ್ಟಿವೆ. ಮಾರುಕಟ್ಟೆಯಲ್ಲಿ ಸಿಗುವ ಸೈರನ್ನುಗಳಲ್ಲಿ 100 ಡೆಸಿಬಲ್ ದಾಟುವವು ಸಾಮಾನ್ಯ. ನಿಜವಾದ ಅಪಾಯದಲ್ಲಿ ಮಿತಿಮೀರಿ ಕೂಗಿದ್ದನ್ನು ಯಾರೂ ಆಕ್ಷೇಪಿಸರು. ಯಜಮಾನ ಊರಿಗೆ ಹೋಗಿ, ಅವನ ಶೆಡ್ಡು ಬೆಳಗಿನವರೆಗೆ ಕೂಗಿದರೆ ಅದು ಮಾತ್ರ ಕ್ಷಮೆಗೆ ಅರ್ಹವಲ್ಲ. ಕೆಲವು ನಿಮಿಷಗಳಲ್ಲಿ ತಾನಾಗಿ ನಿಲ್ಲುವ ಏರ್ಪಾಡು ಇಲ್ಲದ ಅಲಾರಂ ಕೊಳ್ಳಬಾರದು. ನಿಲ್ಲಿಸಬಲ್ಲವರೊಬ್ಬರಿಗೆ ಅದರ ಗುಟ್ಟು ತಿಳಿಸದೆ ಊರು ಬಿಡಬಾರದು.

ಇನ್ನು ಹಂಚಿಕೊಂಡ ಗ್ಯಾರೇಜಿನ ಮಾತು. 2016ರ ರಿಯಲ್ ಎಸ್ಟೇಟ್ ಕಾಯಿದೆ ಗ್ಯಾರೇಜಿಗೆ ಕೊಟ್ಟಿರುವ ಲಕ್ಷಣ ವಿನೋದವಾಗಿದೆ: ಮೇಲೆ ಸೂರು, ಮೂರು ಕಡೆ ಗೋಡೆ. ನಾಲ್ಕನೆಯ ಕಡೆಗೆ ಏನಿರಬೇಕೆಂದು ಕಾಯಿದೆ ಹೇಳುವುದಿಲ್ಲ. ನಮ್ಮ ನೆಲಮಾಳಿಗೆಗಳಲ್ಲಿ ಆ ಮೂರು ಗೋಡೆಗಳೂ ಇಲ್ಲ, ನೆಲದ ಮೇಲೆ ಎಳೆದ ಬಣ್ಣದ ಗೆರೆ ಮಾತ್ರ. ನೂರು ಮನೆಯವರಿಗೂ ಸೇರಿದ ಜಾಗ. ಅಲ್ಲಿ ಗಂಟೆ ಬಾರಿಸಿದರೆ ಏಳಬೇಕಾದವರು ಯಾರು? ನೂರು ಮನೆಯಿದ್ದರೆ ಇನ್ನೂರು ಕಿವಿ, ಅಷ್ಟೂ ಕ್ಷೇಮ ಎಂದು ತೋರಬಹುದು. ಅನುಭವ ಬೇರೆ ಹೇಳುತ್ತದೆ. 1968ರಲ್ಲಿ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಎಂಬ ಅಮೆರಿಕದ ವಿದ್ವಾಂಸರು ಒಂದು ಪ್ರಯೋಗವನ್ನು ಪ್ರಕಟಿಸಿದರು. ವಿದ್ಯಾರ್ಥಿಗಳನ್ನು ಬೇರೆಬೇರೆ ಕೋಣೆಗಳಲ್ಲಿ ಕೂರಿಸಿ, ಇನ್ನೊಂದು ಕೋಣೆಯಲ್ಲಿ ಒಬ್ಬನಿಗೆ ಮೂರ್ಛೆರೋಗ ಬಂದಂತೆ ಮೈಕಿನಲ್ಲಿ ಕೇಳಿಸಿದರು. ಕೇಳುತ್ತಿರುವವನು ತಾನೊಬ್ಬನೇ ಎಂದು ತಿಳಿದವರಲ್ಲಿ ನೂರಕ್ಕೆ 85 ಮಂದಿ, ಆ ದನಿ ನಿಲ್ಲುವ ಮೊದಲೇ ಎದ್ದು ತಿಳಿಸಿದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆಂದು ನಂಬಿದವರಲ್ಲಿ ಹಾಗೆ ಎದ್ದವರು ನೂರಕ್ಕೆ 31. ಉಳಿದವರು ಕಲ್ಲೆದೆಯವರಾಗಿರಲಿಲ್ಲ. ಬೇರೆ ಯಾರಾದರೂ ಎದ್ದಿರುತ್ತಾರೆ ಎಂದು ಅವರಿಗೆ ತೋರಿತು, ಅಷ್ಟೆ.

ನೆಲಮಾಳಿಗೆಯ ಗಂಟೆಯ ಕತೆಯೂ ಇದೇ. ಎಲ್ಲರನ್ನೂ ಕರೆಯುವ ಗಂಟೆ ಯಾರನ್ನೂ ಕರೆಯುವುದಿಲ್ಲ. ಆದ್ದರಿಂದ ಹಂಚಿಕೊಂಡ ಗ್ಯಾರೇಜಿನ ಅಲಾರಂ ವ್ಯವಸ್ಥೆಯಲ್ಲಿ ಅತ್ಯಂತ ಮುಖ್ಯವಾದ ಭಾಗ ಯಾವ ತಂತಿಯೂ ಅಲ್ಲ. ಗೋಡೆಗೆ ಅಂಟಿಸಿದ ಒಂದು ಪಟ್ಟಿ. ಈ ವಾರ ಇಂಥ ಎರಡು ಮನೆಯವರು, ಮುಂದಿನ ವಾರ ಇಂಥವರು ಎಂಬ ಸರದಿ. ಒಡೆಯರೂ ಬಾಡಿಗೆಯವರೂ ಅದರಲ್ಲಿ ಇರಬೇಕು. ನೆಲದಡಿಯಲ್ಲಿ ಮೊಬೈಲಿನ ಸಂಕೇತ ಸಿಗದಿರುವುದು ಸಾಮಾನ್ಯವಾದ್ದರಿಂದ, ಸರದಿಯವರ ಫೋನಿಗೆ ಕರೆ ಮಾಡುವ ಯಂತ್ರವನ್ನು ಮೇಲಿನ ಅಂತಸ್ತಿನಲ್ಲಿ ಇಡಬೇಕು.

ಇಲ್ಲೊಂದು ಆಕ್ಷೇಪಣೆ ಬರುತ್ತದೆ. 'ತಿಂಗಳು ತಿಂಗಳೂ ಮೇಂಟೆನೆನ್ಸ್ ಕಟ್ಟುತ್ತೇವೆ, ವಾಚ್‌ಮನ್ ಇದ್ದಾನೆ, ನಾವೇಕೆ ಏಳಬೇಕು?' ಇದು ಹಗುರವಾದ ಆಕ್ಷೇಪಣೆಯಲ್ಲ. ದುಡಿದು ದಣಿದವನಿಗೆ ನಿದ್ದೆಯ ಹಕ್ಕು ಉಂಟು. ಕಳ್ಳನ ಮುಂದೆ ಎದೆಗೊಡುವುದು ಯಾರ ಕರ್ತವ್ಯವೂ ಅಲ್ಲ. ವೀರಗಲ್ಲಿನ ಕಾಲ ಮುಗಿಯಿತು, ಮುಗಿದದ್ದೇ ಒಳ್ಳೆಯದು. ಆದರೆ ಹನ್ನೆರಡು ಗಂಟೆಯ ಪಾಳಿ ಮಾಡಿ, ಗೇಟಿನ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತ ಮುದುಕ ಮಾತ್ರ ಎದೆಗೊಡಬೇಕೆಂಬುದು ಯಾವ ನ್ಯಾಯ? ಕಾರಿನ ಬೆಲೆಯನ್ನು ಅವನು ಜೀವಮಾನದಲ್ಲಿ ಕಂಡಿರಲಾರ. ಹಣ ಕೊಟ್ಟು ಅವನ ಸಮಯವನ್ನು ಕೊಳ್ಳಬಹುದು. ನಮ್ಮ ಪಾಲಿನ ಅಪಾಯವನ್ನೆಲ್ಲ ಅವನ ತಲೆಗೆ ಕಟ್ಟಲು ಹಣಕ್ಕೆ ಅಧಿಕಾರವಿಲ್ಲ. ಓಗೊಡುವುದೆಂದರೆ ಹೊಡೆದಾಡುವುದಲ್ಲ. ದೀಪ ಹಾಕುವುದು, ಕಿಟಕಿ ತೆರೆದು 'ಯಾರಪ್ಪ ಅದು?' ಎಂದು ಕೇಳುವುದು, 112ಕ್ಕೆ ಫೋನು ಮಾಡುವುದು, ಆ ಮುದುಕನಿಗೆ 'ನಾನಿದ್ದೇನೆ' ಎಂದು ತೋರಿಸುವುದು. ಅರ್ಧ ನಿಮಿಷದ ಕೆಲಸ. ಆದರೆ ಅದನ್ನು ಯಂತ್ರ ಮಾಡಲಾರದು.

ಗಂಟೆಯ ಜೊತೆಗೆ ಬರುವ ಇನ್ನೊಂದು ವಸ್ತು ಸಂಶಯ. ಗಂಟೆ ಬಾರಿಸಿದ ಮರುಬೆಳಗ್ಗೆ ಮೊದಲು ವಿಚಾರಣೆಗೆ ಒಳಗಾಗುವವರು ಡ್ರೈವರು, ಕಾರು ಒರೆಸುವ ಹುಡುಗ, ಮನೆಗೆಲಸದಾಕೆ. ಹೊರಗಿನಿಂದ ಬಂದವನನ್ನು ಹಿಡಿಯಲು ಇಟ್ಟ ಯಂತ್ರ ಒಳಗೆ ದುಡಿಯುವವರನ್ನು ದಿನವೂ ಆಪಾದಿಸುತ್ತಾ ಕೂರುತ್ತದೆ. ಹಾಗಾದರೆ ಸಂಕೇತದ ಸಂಖ್ಯೆಯನ್ನು ಅವರಿಗೂ ಕಲಿಸಬೇಕು. ಗಂಟೆ ಒತ್ತುವ ಗುಂಡಿ ಅವರ ಕೈಗೂ ಎಟುಕಬೇಕು. ಗಂಟೆಯಿಂದ ಕಾಯಲ್ಪಡುವ ಹಕ್ಕು ಅವರಿಗೂ ಉಂಟಲ್ಲವೆ?

ಈ ಮಾತು ನಮ್ಮನ್ನು ಕೊನೆಯ ವಿಚಾರಕ್ಕೆ ತರುತ್ತದೆ. ಗಂಟೆ ಯಾವುದಕ್ಕಾಗಿ ಕೂಗಬೇಕು? ಇಂಜಿನ್ನು ಓಡುತ್ತಿರುವ ಮುಚ್ಚಿದ ಶೆಡ್ಡಿನಲ್ಲಿ ತುಂಬುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮನುಷ್ಯನನ್ನು ನಿದ್ದೆಯಲ್ಲೇ ಕೊಲ್ಲಬಲ್ಲದು. ವಿದ್ಯುತ್ ಸ್ಕೂಟರುಗಳನ್ನು ರಾತ್ರಿಯಿಡೀ ಚಾರ್ಜಿಗೆ ಹಾಕುವ ಕಡೆ ಬ್ಯಾಟರಿಯ ಬೆಂಕಿಯ ಭಯ ಉಂಟು. 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಂಗಳೂರಿನ ಪೂರ್ವಭಾಗದ ಎಷ್ಟೋ ನೆಲಮಾಳಿಗೆಗಳಿಗೆ ನೀರು ನುಗ್ಗಿ ಮೋಟಾರುಗಳು ಮುಳುಗಿದವು. ನೀರನ್ನು ಗುರುತಿಸಿ ಕೂಗುವ ಯಂತ್ರ ಕಳ್ಳನಿಗಾಗಿ ಕೂಗುವ ಯಂತ್ರಕ್ಕಿಂತ ದುಬಾರಿಯೇನಲ್ಲ. ಹೀಗಿದ್ದೂ ಅಂಗಡಿಗೆ ಹೋದವರು ಮೊದಲು ಕೇಳುವುದು ಕಳ್ಳನ ಅಲಾರಮ್ಮನ್ನೇ. ಡ್ರೈವರು ಕಾರಿನಲ್ಲೇ ಒರಗಿ ಮಲಗುವ, ವಾಚ್‌ಮನ್ನನ ಸಂಸಾರ ಮೂಲೆಯ ಕೋಣೆಯಲ್ಲಿ ಬಾಳುವ ಜಾಗ ಅದು. ಅಲ್ಲಿ ಕಾರು ಹೋದರೆ ಕೂಗುವ, ಉಸಿರು ಹೋದರೆ ಸುಮ್ಮನಿರುವ ಗಂಟೆಯನ್ನು ಇಟ್ಟ ಮನೆಯವರು ತಮ್ಮ ಮೌಲ್ಯಗಳ ಪಟ್ಟಿಯನ್ನು ಗೋಡೆಗೆ ಬರೆದು ಹಾಕಿದಂತೆಯೇ.

ಕೂಗುವ ಹಕ್ಕಿನ ಬೆಲೆ ಏನೆಂಬ ಪ್ರಶ್ನೆಗೆ ಉತ್ತರ ಇಷ್ಟೇ ಎಂದು ತೋರುತ್ತದೆ: ಇನ್ನೊಬ್ಬರು ಕೂಗಿದಾಗ ಏಳುವುದು. ಆ ಬೆಲೆಯನ್ನು ಕೊಡಲು ಸಿದ್ಧನಿಲ್ಲದವನು ಒಳ್ಳೆಯ ಬೀಗವೊಂದನ್ನು ಕೊಂಡು ಸುಮ್ಮನಿರುವುದು ಮೇಲು. ಕೊಡಲು ಸಿದ್ಧನಾದವನಿಗೆ ಸಾಧಾರಣವಾದ ಗಂಟೆಯೇ ಸಾಕು. ಅದು ಬಾರಿಸಿದಾಗ ಎದುರುಮನೆಯ ಕಿಟಕಿಯಲ್ಲಿ ದೀಪ ಹತ್ತೀತು.