ಬೆಟ್ಟದ ತಿರುವಿನಲ್ಲಿ ಕುಳಿತವಳು



ಯುಗಾದಿಯ ಆಸುಪಾಸಿನಲ್ಲಿ ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರದತ್ತ ಹೊರಟರೆ ಒಣಗಿದ ಹೊಲಗಳ ನಡುವೆ ಹೊಂಗೆ ಮರಗಳು ಮಾತ್ರ ಎಳೆ ಹಸಿರು ತಳೆದು ನಿಂತಿರುತ್ತವೆ. ಪರೀಕ್ಷೆ ಮುಗಿಸಿದ ಮಕ್ಕಳು ಮನೆಯೊಳಗೆ ನಿಲ್ಲದ ಕಾಲವೂ ಅದೇ. ಅವರನ್ನು ಬೆಟ್ಟಕ್ಕೆ ಕರೆದೊಯ್ಯೋಣವೆಂದು ನಾವು ಸುಲಭವಾಗಿ ನಿರ್ಧರಿಸುತ್ತೇವೆ. ಆದರೆ ಅಲ್ಲಿ ನಾವು ಕಾಯುವುದು ಮಕ್ಕಳನ್ನೋ, ನಮ್ಮ ನೆಮ್ಮದಿಯನ್ನೋ? ಈ ಪ್ರಶ್ನೆಯನ್ನು ನಿಮ್ಮ ಮುಂದಿಡಲು ನನ್ನದೇ ಒಂದು ತಪ್ಪನ್ನು ಹೇಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ಹದಿನಾಲ್ಕು ಮಕ್ಕಳೊಡನೆ ನಾವಿಬ್ಬರು ಹಿರಿಯರು ಸುಲ್ತಾನಪೇಟೆಯ ಕಡೆಯಿಂದ ನಂದಿಬೆಟ್ಟದ ಹಳೆಯ ಮೆಟ್ಟಿಲ ದಾರಿ ಹಿಡಿದೆವು. ಬುಡದಲ್ಲೇ ನಾನು ಕಟ್ಟಪ್ಪಣೆ ಮಾಡಿದೆ: ಗದ್ದಲ ಮಾಡಬಾರದು, ಓಡಬಾರದು. ಗುಂಪಿನಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬನಿದ್ದ. ಒಂದು ಕ್ಷಣ ನಿಂತಲ್ಲಿ ನಿಲ್ಲದವನು. ಅವನ ಮಣಿಕಟ್ಟನ್ನು ಹಿಡಿದೇ ಹತ್ತಿದೆ. ನನ್ನ ಭಯ ನಿರಾಧಾರವಾಗಿರಲಿಲ್ಲ. 1478 ಮೀಟರ್ ಎತ್ತರದ ಈ ಬೆಟ್ಟದಲ್ಲಿ ಟಿಪ್ಪು ಡ್ರಾಪ್‌ನಂತಹ ಕಡಿದಾದ ಬಂಡೆಗಳಿವೆ. ಬಂಡೆ ಮಕ್ಕಳೆಂದು ಕರುಣೆ ತೋರುವುದಿಲ್ಲ.

ಮೇಲೆ ತಲುಪಿ, ಮಂಗಗಳಿಂದ ಬುತ್ತಿ ಉಳಿಸಿಕೊಳ್ಳುವ ಅವಸರ ಮುಗಿದ ಮೇಲೆ ತಲೆ ಎಣಿಸಿದೆ. ಹದಿಮೂರು. ಮತ್ತೆ ಎಣಿಸಿದೆ, ಹದಿಮೂರೇ. ಎಂದೂ ಬೈಸಿಕೊಳ್ಳದ, ಎಂದೂ ಮಾತಿಗೆ ಎದುರಾಡದ ಒಬ್ಬ ಹುಡುಗಿ ಇರಲಿಲ್ಲ. ಮೆಟ್ಟಿಲಿಳಿದು ಓಡಿದ ಆ ಹೊತ್ತನ್ನು ನೆನೆದರೆ ಇಂದಿಗೂ ನನ್ನ ಎದೆ ನಡುಗುತ್ತದೆ. ಒಂದು ತಿರುವಿನಲ್ಲಿ, ಬಾರು ಕಿತ್ತ ಚಪ್ಪಲಿಯನ್ನು ಮಡಿಲಲ್ಲಿಟ್ಟುಕೊಂಡು ಅವಳು ಕುಳಿತಿದ್ದಳು.

“ಕೂಗಬಾರದಿತ್ತೇನಮ್ಮ?” ಎಂದೆ.

“ಗಲಾಟೆ ಮಾಡಬೇಡಿ ಅಂದಿದ್ದಿರಲ್ಲ” ಎಂದಳು.

ನನ್ನ ಬಾಯಿ ಕಟ್ಟಿತು. ಹುಡುಗನ ಮಣಿಕಟ್ಟು ಇನ್ನೂ ನನ್ನ ಕೈಯಲ್ಲೇ ಇತ್ತು; ಅವನನ್ನೂ ಎಳೆದುಕೊಂಡೇ ಇಳಿದಿದ್ದೆನೆಂಬುದು ಆಗ ಅರಿವಾಯಿತು. ಬಿಟ್ಟಾಗ ನನ್ನ ಬೆರಳುಗಳ ಗುರುತು ಮೂಡಿತ್ತು.

ತಂದೆತಾಯಂದಿರೇ, ನಮ್ಮ ಮನೆಗಳಲ್ಲೂ ಹೀಗೆಯೇ ಅಲ್ಲವೇ? ತುಂಟನಿಗೆ ನಮ್ಮ ಕಣ್ಣೆಲ್ಲ ಮೀಸಲು, ಅದೂ ಕಾವಲುಗಾರನ ಕಣ್ಣು. ವಿಧೇಯ ಮಗುವಿಗೆ ಹೊಗಳಿಕೆಯ ಒಂದು ಮಾತು ಕೊಟ್ಟು ಮರೆತುಬಿಡುತ್ತೇವೆ. ಅವಳ ಮೌನ ನಮಗೆ ಅನುಕೂಲವಾದ್ದರಿಂದ ಅದನ್ನು ಸದ್ಗುಣವೆಂದು ಕರೆದೆವೇ ಹೊರತು, ಆ ಮೌನದೊಳಗೆ ಏನಿದೆಯೆಂದು ಕೇಳಲಿಲ್ಲ. ಇಬ್ಬರಿಗೂ ಅನ್ಯಾಯವಾಯಿತು.

ರೇಷ್ಮೆ ಸಾಕುವ ಮನೆಯವರಿಗೆ ಗೊತ್ತು. ನಾಲ್ಕು ಜ್ವರ ಕಳೆದು ಹುಳು ಹಣ್ಣಾದಾಗ ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆಯೆತ್ತಿ ಅತ್ತಿತ್ತ ತಡಕಾಡುತ್ತದೆ. ಅದನ್ನು ಯಾರೂ ಗದರಿಸುವುದಿಲ್ಲ. ಎತ್ತಿ ಚಂದ್ರಿಕೆಗೆ ಬಿಡುತ್ತಾರೆ. ಹುಳುವಿನ ಚಡಪಡಿಕೆಯನ್ನು ಓದಬಲ್ಲ ನಾವು ಮಗುವಿನದನ್ನು ಓದಲಾರೆವೇ?

ಹಾಗೆಂದು ಮಕ್ಕಳನ್ನು ಬಂಡೆಯ ಮೇಲೆ ಇಚ್ಛೆಯಂತೆ ಬಿಡಬೇಕೆಂದು ನಾನು ಹೇಳಲಾರೆ. ಹೆಜ್ಜೇನಿನ ಗೂಡಿನ ಬಳಿ ಸದ್ದಿಲ್ಲದೆ ನಡೆಯಲೇಬೇಕು. ಕಡಿದಾದ ಅಂಚಿನಲ್ಲಿ ಕೈ ಹಿಡಿಯಲೇಬೇಕು. ಆದರೆ ಅಂಚು ದಾಟಿದ ಮೇಲೆ ಕೈ ಬಿಡಲು ನಮಗೆ ಬರಬೇಕು. ನನಗೆ ಅದು ಬಂದಿರಲಿಲ್ಲ.

ಮರುವರ್ಷ ಮತ್ತೆ ಹೊರಟಾಗ ಬುಡದಲ್ಲಿ ಒಂದೇ ಅಪ್ಪಣೆ: ಕಷ್ಟವಾದರೆ ಗಟ್ಟಿಯಾಗಿ ಕೂಗಿ. ಆ ಹುಡುಗನಿಗೆ ಸಾಲಿನ ಮುಂದಿನವರಿಂದ ಹಿಂದಿನವರಿಗೆ, ಹಿಂದಿನವರಿಂದ ಮುಂದಿನವರಿಗೆ ಸುದ್ದಿ ಒಯ್ಯುವ ಕೆಲಸ ಕೊಟ್ಟೆವು. ಅವನು ಬೆಟ್ಟವನ್ನು ಎರಡು ಸಲ ಹತ್ತಿದಂತಾಯಿತು. ಅವನಿಗೆ ಸ್ವಾತಂತ್ರ್ಯ ಕೊಟ್ಟೆನೋ, ಇನ್ನೂ ನಯವಾದ ಮೂಗುದಾರ ತೊಡಿಸಿದೆನೋ ಎಂಬ ಸಂಶಯ ನನಗಿನ್ನೂ ಇದೆ.

ಅರ್ಧ ದಾರಿಯಲ್ಲಿ ಹಿಂದಿನಿಂದ ದೊಡ್ಡ ಕೂಗು ಕೇಳಿತು. ಅದೇ ಹುಡುಗಿ. ಸುದ್ದಿಗಾರ ಕೆಳಗೋಡಿದ, ನಾನೂ ಏದುಸಿರು ಬಿಡುತ್ತ ಹಿಂಬಾಲಿಸಿದೆ. ಬಂಡೆಯ ಮೇಲಿನ ಪೊದೆಯಲ್ಲಿ ಹಳದಿ ಕೊರಳಿನ ಪಿಕಳಾರವೊಂದು ಕುಳಿತಿತ್ತಂತೆ. ಅದನ್ನು ನೋಡಲೆಂದೇ ಪಕ್ಷಿಪ್ರಿಯರು ದೂರದೂರದಿಂದ ಈ ಬೆಟ್ಟಕ್ಕೆ ಬರುತ್ತಾರೆ. ನಾವು ತಲುಪುವಷ್ಟರಲ್ಲಿ ಅವಳ ಕೂಗಿಗೇ ಬೆದರಿ ಅದು ಹಾರಿಹೋಗಿತ್ತು.