ಸಾಕ್ಷಿಯನ್ನೂ ಪರೀಕ್ಷಿಸಿ

ಇವತ್ತು ನನ್ನದೇ ಒಂದು ತಪ್ಪು ಹೇಳ್ತೀನಿ. ಹೋದ ವರ್ಷ ಮುಧೋಳದ ಕೂಟದಲ್ಲಿ ವಾಟ್ಸಾಪ್‌ನಲ್ಲಿ ಬಂದ ಒಂದು ಸಾಕ್ಷಿ ಓದಿದೆ: "ಪ್ರಾರ್ಥಿಸಿದೆ, ಶುಗರ್ ರಿಪೋರ್ಟ್ ನಾರ್ಮಲ್ ಬಂತು. ನೀವೂ ನಂಬಿ, ಮಾತ್ರೆ ಬಿಡಿ." ಎಲ್ಲರೂ ಹಲ್ಲೆಲೂಯ ಅಂದರು. ಒಬ್ಬ ಅಕ್ಕ ನಿಜವಾಗಿಯೂ ಮಾತ್ರೆ ಬಿಟ್ಟರು. 15 ದಿನಕ್ಕೆ ಆಸ್ಪತ್ರೆ ಸೇರಿದರು.

ಆ ರಾತ್ರಿ ಅದನ್ನೇ ಮತ್ತೆ ಓದಿದೆ. ಒಳಗೆ ಮೂರು ಮಾತಿದ್ದವು. ರಿಪೋರ್ಟ್ ನಾರ್ಮಲ್ ಬಂತು: ಇದು ಸಂಗತಿ. ಪ್ರಾರ್ಥನೆಯಿಂದ ಬಂತು: ಇದು ಅವರು ಕೊಡೋ ಕಾರಣ. ನೀವೂ ಮಾತ್ರೆ ಬಿಡಿ: ಇದು ಆಜ್ಞೆ. ಮೊದಲಿನ ಎರಡನ್ನೂ ಒಪ್ಪಿಕೊಳ್ಳಿ. ಆದರೂ ಮೂರನೇದು ಅವುಗಳಿಂದ ಹುಟ್ಟೋದಿಲ್ಲ. ರಿಪೋರ್ಟ್ ಬಂದಾಗ ಅವರು ಮಾತ್ರೆ ತಗೊಳ್ತಾ ಇದ್ದರೋ, ಬಿಟ್ಟಿದ್ದರೋ? ಅದರಲ್ಲಿ ಇರಲಿಲ್ಲ. ನಾನೂ ಕೇಳಲಿಲ್ಲ.

ಬನಹಟ್ಟಿಯಲ್ಲಿ ಸೀರೆ ತಗೊಳ್ಳುವಾಗ ನಮ್ಮ ಅವ್ವಂದಿರು ಅಂಗಡಿಯವನ ಮಾತು ನಂಬಿ ಸುಮ್ಮನಾಗ್ತಾರಾ? ಸೆರಗು ತಿರುವಿ ಹಿಂದೆ ನೋಡ್ತಾರೆ. ಜೀವದ ಮಾತಿಗೆ ಅಷ್ಟೂ ಬೇಡವೇ?

"ಬ್ರದರ್, ಪ್ರಶ್ನೆ ಕೇಳೋದು ಅವಿಶ್ವಾಸ ಅಲ್ವಾ?" ಅಂತ ಜಮಖಂಡಿಯ ಒಬ್ಬ ತಮ್ಮ ಕೇಳಿದ. ಅಪೊಸ್ತಲರ ಕೃತ್ಯಗಳು 17:11 ತೆಗೆದು ತೋರಿಸಿದೆ. ಬೆರೋಯದವರು ಪೌಲನ ಮಾತನ್ನು ಸಂತೋಷವಾಗಿ ಕೇಳಿದರು, ಶಾಸ್ತ್ರ ಬಿಚ್ಚಿ ತಾಳೆಯನ್ನೂ ನೋಡಿದರು. ಲೂಕ ಅವರನ್ನು ಬೈಯಲಿಲ್ಲ, ಮೆಚ್ಚಿದ.

ಪೌಲನನ್ನೇ ಪರೀಕ್ಷಿಸಿದರು ಅಂದಮೇಲೆ, ನಾನ್ಯಾವ ದೊಡ್ಡವನು? ನಾನು ಓದಿದ ಸಾಕ್ಷಿಯನ್ನೂ, ಈ ಪ್ರಸಂಗವನ್ನೂ ಪರೀಕ್ಷಿಸಿರಿ. ಆ ಅಕ್ಕ ಈಗ ಮಾತ್ರೆ ನುಂಗಿಯೇ ಪ್ರಾರ್ಥನೆಗೆ ಬರ್ತಾರೆ. ಅವರ ವಿಶ್ವಾಸ ಕಡಿಮೆ ಆಗಿಲ್ಲ. ಆಮೆನ್.