ಗುಟ್ಟು ಬೇರೆ, ಬೂದಿ ಬೇರೆ

ಆಜ್ಞೆಯನ್ನು ಪಾಲಿಸುವುದು ನೌಕರನ ಧರ್ಮ. ಕಡತಗಳ ನಡುವೆಯೇ ಬಾಳು ಸವೆಸುವ ನಮ್ಮಂಥ ಗುಮಾಸ್ತರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಪಾಲಿಸಿದವನಿಂದ ಲೋಕಕ್ಕೆ ನಷ್ಟವೂ ಮೀರಿದವನಿಂದ ಲಾಭವೂ ಆದಲ್ಲಿ ಯಾರನ್ನು ಸರಿಯೆನ್ನೋಣ?

ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಸೇನಾಧಿಪತಿಗಳು ಲೊರೆಂಜ್ ಯಂತ್ರದ ಮೂಲಕ ಗೂಢಲಿಪಿಯಲ್ಲಿ ಸಂದೇಶ ಕಳಿಸುತ್ತಿದ್ದರು. ಅದನ್ನು ಭೇದಿಸಲು ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರ್ ಟಾಮಿ ಫ್ಲವರ್ಸ್ ಮತ್ತು ಸಂಗಡಿಗರು ಕೊಲೋಸಸ್ ಎಂಬ ಗಣಕಯಂತ್ರವನ್ನು ಕಟ್ಟಿದರು. 1944ರ ಆರಂಭದಲ್ಲಿ ಅದು ಬ್ಲೆಚ್ಲಿ ಪಾರ್ಕಿನಲ್ಲಿ ಕೆಲಸ ಶುರುಮಾಡಿತು. ಕಾಗದದ ಪಟ್ಟಿಯ ಮೇಲಿನ ರಂಧ್ರಗಳನ್ನು ಬೆಳಕಿನ ಸಹಾಯದಿಂದ ಸೆಕೆಂಡಿಗೆ 5,000 ಅಕ್ಷರಗಳಂತೆ ಓದುತ್ತಿತ್ತು. ಸುಧಾರಿತ ಮಾದರಿಯಲ್ಲಿ ಸುಮಾರು 2,400 ವಾಲ್ವುಗಳಿದ್ದವು. ಯುದ್ಧ ಮುಗಿಯುವ ವೇಳೆಗೆ ಇಂಥ ಹತ್ತು ಯಂತ್ರಗಳು ದುಡಿಯುತ್ತಿದ್ದವು.

ಯುದ್ಧಾನಂತರ ಎಂಟನ್ನು ಬಿಚ್ಚಿಹಾಕಿದರು. ಉಳಿದೆರಡು 1960ರ ಸುಮಾರಿಗೆ ಅದೇ ಗತಿ ಕಂಡವು. ಅಪ್ಪಣೆಯಂತೆ ಫ್ಲವರ್ಸ್ ತಮ್ಮ ನಕ್ಷೆಗಳನ್ನು ಬೆಂಕಿಗೆ ಹಾಕಿದರು. 1946ರಲ್ಲಿ ಅಮೆರಿಕದ ಎನಿಯಾಕ್ ಯಂತ್ರವನ್ನು ಜಗತ್ತು ಕೊಂಡಾಡಿದಾಗಲೂ ಅವರು ತುಟಿ ಬಿಚ್ಚುವಂತಿರಲಿಲ್ಲ. ಗುಟ್ಟು ಹೊರಬೀಳತೊಡಗಿದ್ದು 1970ರ ದಶಕದಲ್ಲಿ.

1993ರಲ್ಲಿ ಟೋನಿ ಸೇಲ್ ಎಂಬವರು ಕೊಲೋಸಸ್ಸನ್ನು ಮತ್ತೆ ಕಟ್ಟಲು ಹೊರಟಾಗ ದೊರೆತದ್ದು ಕೆಲವು ಛಾಯಾಚಿತ್ರಗಳು, ವೃದ್ಧ ಎಂಜಿನಿಯರುಗಳ ನೆನಪು, ಮತ್ತು ಕೆಲವರು ನಿಯಮ ಮೀರಿ ಉಳಿಸಿಕೊಂಡಿದ್ದ ನಕ್ಷೆಯ ಚೂರುಗಳು. ಇವುಗಳಿಂದಲೇ ಯಂತ್ರ 1996ರಲ್ಲಿ ಮತ್ತೆ ಚಾಲನೆಗೊಂಡಿತು. ಫ್ಲವರ್ಸ್ ಅದನ್ನು ಕಣ್ಣಾರೆ ಕಂಡರು. ಎರಡು ವರ್ಷಗಳಲ್ಲಿ ತೀರಿಕೊಂಡರು.

ಸುಟ್ಟ ಫ್ಲವರ್ಸ್ ತಪ್ಪಿತಸ್ಥರೇ? ನಾವು ಹಾಗೆನ್ನಲಾರೆವು. ಕೊಟ್ಟ ಮಾತಿಗೆ ಅವರು ತಮ್ಮ ಕೀರ್ತಿಯನ್ನೇ ತೆತ್ತರು. ಹಾಗೆಂದು ಚೂರುಗಳನ್ನು ಉಳಿಸಿದವರ ನಡತೆಯನ್ನು ನಿಯಮವಾಗಿಸಲೂ ಆಗದು. ಪ್ರತಿಯೊಬ್ಬನೂ ತನಗೆ ತೋಚಿದ್ದನ್ನು ಮನೆಗೊಯ್ದರೆ ಯಾವ ಗುಟ್ಟೂ ಉಳಿಯದು. ದೋಷವಿರುವುದು ಬಚ್ಚಿಡುವುದನ್ನೂ ನಾಶಮಾಡುವುದನ್ನೂ ಒಂದೇ ಎಂದೆಣಿಸಿದ ಆಜ್ಞೆಯಲ್ಲಿ. ಗುಟ್ಟಿಗೆ ಅವಧಿಯುಂಟು, ಬೂದಿಗಿಲ್ಲ. ಬೀಗ ಹಾಕಿದ್ದನ್ನು ಮೊಮ್ಮಕ್ಕಳು ತೆರೆದಾರು, ಸುಟ್ಟದ್ದನ್ನು ತೆರೆಯುವವರಾರು? ಸುಡಲು ಹೇಳಿದವರು ಇನ್ನೂ ಹುಟ್ಟದವರ ಪರವಾಗಿಯೂ ತೀರ್ಮಾನ ಕೊಟ್ಟುಬಿಟ್ಟರು. ಆ ಅಧಿಕಾರ ಯಾವ ಕುರ್ಚಿಗೂ ಇಲ್ಲ.

ಹಳೆಯ ಕಡತದ ಮೇಲೆ 'ನಾಶಪಡಿಸಬಹುದು' ಎಂದು ಷರಾ ಬರೆಯುವಾಗ ನಾವೂ ಇದನ್ನು ನೆನೆಯುವುದು ಒಳ್ಳೆಯದು. ಸಂಶಯ ಬಂದಲ್ಲಿ ಮೇಲಧಿಕಾರಿಗಳನ್ನು ಒಂದು ಮಾತು ಕೇಳೋಣ. ಕೇಳಿದ ಮಾತ್ರಕ್ಕೆ ಆಜ್ಞಾಭಂಗವಾಗದು.